ಹದಿನೈದು ಮಂದಿಯೂ ಎದ್ದು ಹೋದ ದಿನ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಗರಸಭೆಯ ಮಾಜಿ ಕಾರ್ಯದರ್ಶಿಗಳೇ, ಈ ಸನ್ಮಾನವನ್ನು ಏರ್ಪಡಿಸಿರುವ ಬಸ್ ನೌಕರರ ಸಂಘದ ಪದಾಧಿಕಾರಿಗಳೇ, ಕೊಟ್ಟ ಫಲಕವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ನಮ್ಮ ವಾರ್ಡಿನ ಸದಸ್ಯೆಯೇ, ಅಂದರೆ ನನ್ನ ತಂಗಿಯೇ, ಮತ್ತು ಸಭಿಕರೇ,

ಯಾರನ್ನಾದರೂ ಹೆಸರಿಸುವುದು ಬಿಟ್ಟುಹೋಗಿದ್ದರೆ ಅವರು ಕೋಪಿಸಿಕೊಳ್ಳಲಿ. ನಾನು ಅರವತ್ತೆಂಟು ವರ್ಷ ಕೋಪದ ಮೇಲೇ ಬದುಕಿದವನು, ಬೇರೆಯವರ ಕೋಪ ನನಗೆ ತಾಗುವುದಿಲ್ಲ.

ನನಗೆ ಹತ್ತು ನಿಮಿಷ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮುಂದಿನ ತಿಂಗಳು ಚುನಾವಣೆ ಇರುವುದರಿಂದ ಪ್ರಚಾರದ ಮಾತು ಆಡಬಾರದು ಎಂದು ಅಧ್ಯಕ್ಷರು ಬಾಯಿಮಾತಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಆಡುವುದಿಲ್ಲ. ಅಧ್ಯಕ್ಷರೂ ನಾನೂ ಆರನೇ ತರಗತಿಯವರೆಗೆ ಅಕ್ಕಪಕ್ಕದ ಬೆಂಚಿನವರು. ಅವರು ಏಳನೇ ತರಗತಿಗೆ ಹೋದರು, ನಾನು ವೆಲ್ಡಿಂಗ್ ಶೆಡ್ಡಿಗೆ ಹೋದೆ. ಅಂದಿನಿಂದ ಇಂದಿನವರೆಗೆ ಅವರು ನನ್ನನ್ನು ತಿದ್ದುವುದನ್ನು ನಿಲ್ಲಿಸಿಲ್ಲ, ನಾನು ತಪ್ಪು ಮಾಡುವುದನ್ನೂ ನಿಲ್ಲಿಸಿಲ್ಲ. ಇಬ್ಬರಿಗೂ ಬಿಡುವಿಲ್ಲದ ಕೆಲಸ.

ಹಿಂದಿನ ಸಾಲಿನವರು ಕುರ್ಚಿಯನ್ನು ಅಲ್ಲಾಡಿಸಬೇಡಿ. ಆ ಕಿರಕಿರ ಇಲ್ಲಿಯವರೆಗೆ ಕೇಳಿಸುತ್ತದೆ. ಕುರ್ಚಿಯ ತಪ್ಪು, ನಿಮ್ಮದಲ್ಲ. ಕಾಲಿನ ಅಡ್ಡಪಟ್ಟಿಗೆ ನಾಲ್ಕು ಕಡೆ ಬೆಸುಗೆ ಹಾಕಬೇಕಾದಲ್ಲಿ ಎರಡು ಕಡೆ ಹಾಕಿದ್ದಾರೆ. ಈ ಪುರಭವನದ ಹನ್ನೊಂದು ನೂರು ಕುರ್ಚಿಗಳಲ್ಲಿ ಒಂದೂ ನಾನು ಮಾಡಿದ್ದಲ್ಲ. ಯಾಕೆ ಅಲ್ಲ ಎಂಬುದೇ ಇವತ್ತಿನ ನನ್ನ ಭಾಷಣ.

ಹೊಸಬರಿಗಾಗಿ ಹೇಳುತ್ತೇನೆ. ನಾನು ಕುರ್ಚಿ ಮಾಡುವವನು. ಕಬ್ಬಿಣದ ಪೈಪು ಬಗ್ಗಿಸಿ, ಬೆಸುಗೆ ಹಾಕಿ, ಬಣ್ಣ ಬಳಿದು ಮಾರುತ್ತೇನೆ, ಬಾಡಿಗೆಗೂ ಕೊಡುತ್ತೇನೆ. ಈ ಊರಿನಲ್ಲಿ ನಾಲ್ಕು ಜನ ಒಂದು ಕಡೆ ಕೂರಬೇಕಾದರೆ ನನ್ನ ಶೆಡ್ಡಿಗೆ ಬರಲೇಬೇಕು. ಪ್ರತಿ ಕುರ್ಚಿಯ ಬೆನ್ನಿಗೂ ಕೆಂಪು ಬಣ್ಣದಲ್ಲಿ ಅಂಗಡಿಯ ಹೆಸರು, ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ. ಕಳ್ಳತನವಾಗಬಾರದು ಎಂಬುದು ನೆಪ. ನಿಜ ಏನೆಂದರೆ, ಆರನೇ ತರಗತಿ ಬಿಟ್ಟವನಿಗೆ ತನ್ನ ಹೆಸರು ಊರೆಲ್ಲ ಓದಲಿ ಎಂಬ ಚಪಲ. ಆ ಕೆಂಪು ಅಕ್ಷರಗಳು ನನ್ನನ್ನು ಹೇಗೆ ಮಣ್ಣು ಮುಕ್ಕಿಸಿದವು ಎಂದು ಇನ್ನು ಸ್ವಲ್ಪ ಹೊತ್ತಿನಲ್ಲಿ ಕೇಳುವಿರಿ.

ನನ್ನ ತಂಗಿ ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡಾಗ ತೊಟ್ಟಿಲಲ್ಲಿದ್ದಳು. ನಾನು ಶಾಲೆ ಬಿಟ್ಟು ಶೆಡ್ಡಿಗೆ ಸೇರಿದ್ದಕ್ಕೆ ಅವಳು ಹತ್ತನೇ ತರಗತಿ ಮುಗಿಸಿದಳು. ಈ ಮಾತನ್ನು ನಾನು ಅವಳಿಗೆ ಜೀವನದಲ್ಲಿ ಎಷ್ಟು ಸಲ ಹೇಳಿದ್ದೇನೆ? ಲೆಕ್ಕವಿಲ್ಲ. ಬೆಳಗ್ಗೆ ಹೇಳಿದ್ದೇನೆ, ಸಂಜೆ ಹೇಳಿದ್ದೇನೆ, ನೆಂಟರ ಎದುರು ಹೇಳಿದ್ದೇನೆ. ಒಳ್ಳೆಯ ಕೆಲಸ ಮಾಡಿ ಅದನ್ನೇ ದಿನಾ ಹೇಳಿಕೊಂಡು ತಿರುಗಿದರೆ ಅದು ಸಾಲ ಕೊಟ್ಟವನ ವರಸೆಯಾಗುತ್ತದೆ. ಇದು ನನಗೆ ತಿಳಿದದ್ದು ತಡವಾಗಿ.

ಅವಳು ಬಸ್ ಓಡಿಸುತ್ತೇನೆ ಎಂದಾಗ ಕೂಗಾಡಿದೆ. ಪರೀಕ್ಷೆಯಲ್ಲಿ ಪಾಸಾಗಿ ನಾಲ್ಕನೇ ನಂಬರಿನ ಬಸ್ಸಿನ ಸ್ಟೇರಿಂಗ್ ಹಿಡಿದು ಕೂತಾಗ ಊರಿಗೆಲ್ಲ ಹೇಳಿಕೊಂಡು ಬಂದೆ. ಅವಳ ಎದುರು ಮಾತ್ರ, 'ತಿರುವಲ್ಲಿ ನಿಧಾನ ಮಾಡು, ನಿನ್ನ ಬ್ರೇಕಿಗೆ ಜನ ಮುಗ್ಗರಿಸ್ತಾರೆ' ಎಂದೆ. ನನ್ನ ಹೊಗಳಿಕೆ ಅಷ್ಟೇ.

ಹನ್ನೆರಡು ವರ್ಷದ ಹಿಂದೆ ಒಂದು ದಿನ ಶೆಡ್ಡಿಗೆ ಬಂದು, ಖಾಕಿ ಬಟ್ಟೆಯಲ್ಲೇ ನಿಂತು, 'ಅಣ್ಣಾ, ನಾನು ನಗರಸಭೆಗೆ ನಿಲ್ತಿದೀನಿ' ಎಂದಳು.

'ಎಲ್ಲಿ?'

'ನಮ್ಮ ವಾರ್ಡಲ್ಲೇ.'

'ಮಿಲ್ಲಿನ ಯಜಮಾನರ ಎದುರು?'

'ಹೌದು.'

ಮಿಲ್ಲಿನ ಯಜಮಾನರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತಿದ್ದಾರೆ. ಮರದ ಮಿಲ್ಲು ಅವರದು, ಆಗ ನನ್ನ ಶೆಡ್ಡಿನ ಜಾಗವೂ ಅವರದು. ಲೈಸೆನ್ಸ್ ನವೀಕರಣಕ್ಕೆ ಅವರ ಒಂದು ಮಾತು ಸಾಕಿತ್ತು. ನಗುತ್ತಿದ್ದೀರಾ ಯಜಮಾನರೇ? ನಗಿ, ನಗಿ. ಇನ್ನು ಸ್ವಲ್ಪ ಹೊತ್ತು ಮಾತ್ರ.

ನಾನು ಅವಳಿಗೆ ಏನು ಹೇಳಿದೆ? ಯೋಚಿಸಿ ಹೇಳಬಹುದಿತ್ತು. 'ನನ್ನ ಬೆವರಲ್ಲಿ ಓದಿ ನನ್ನ ಹೊಟ್ಟೆ ಮೇಲೇ ಹೊಡೀತೀಯಾ? ನಿಲ್ಲೋದಾದ್ರೆ ನಿಲ್ಲು, ನನಗೆ ತಂಗಿ ಇಲ್ಲ ಅಂದ್ಕೋತೀನಿ' ಎಂದೆ. ಅವಳು ಗಡಿಯಾರ ನೋಡಿದಳು. ಬಸ್ಸಿನ ಸಮಯವಾಗಿತ್ತು, ಹೋದಳು.

ಅವಳ ಮೊದಲ ಸಭೆ ಬಸ್ ಡಿಪೋ ಎದುರು. ಅದೇ ಸಂಜೆ, ಅದೇ ಹೊತ್ತಿಗೆ, ಮಿಲ್ಲಿನ ಅಂಗಳದಲ್ಲಿ ಯಜಮಾನರ ಸಭೆ. ಅವರಿಗೆ ಇನ್ನೂರು ಕುರ್ಚಿ ಕಳಿಸಿದೆ, ಬಾಡಿಗೆ ಇಲ್ಲದೆ. ಅವಳಿಗೆ ಒಂದೂ ಕಳಿಸಲಿಲ್ಲ. ದಿನವೆಲ್ಲ ನಿಂತು ಕೆಲಸ ಮಾಡಿ ಬಂದ ಜನ ಎಲ್ಲಿಗೆ ಹೋಗುತ್ತಾರೆ? ಭಾಷಣ ಯಾರದಾದರೇನು, ಕುರ್ಚಿ ಇರುವ ಕಡೆಗೆ ಹೋಗುತ್ತಾರೆ. ಹತ್ತೊಂಬತ್ತು ವೋಟಿನಲ್ಲಿ ಸೋತಳು.

ಹತ್ತೊಂಬತ್ತು. ನಮ್ಮ ಮನೆಯಲ್ಲಿ ನಾಲ್ಕು ವೋಟು. ನನ್ನ ಹತ್ತಿರ ಕೆಲಸ ಮಾಡುವ ಎಂಟು ಮಂದಿಯ ಮನೆಗಳಲ್ಲಿ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಅವರೆಲ್ಲ ಯಾರಿಗೆ ಹಾಕಿದರು ಎಂದು ನಾನು ಕೇಳಲಿಲ್ಲ, ನಾನು ಯಾರಿಗೆ ಹಾಕಿದೆ ಎಂದು ನನಗೆ ಗೊತ್ತು. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ. ಅವಳಿಗೆ ಹೇಗೂ ಗೊತ್ತಿತ್ತು.

ಅಲ್ಲಿಗೆ ಮಾತು ನಿಂತಿತು. ನಾಲ್ಕನೇ ನಂಬರಿನ ಬಸ್ ದಿನಕ್ಕೆ ಎಂಟು ಸಲ ನನ್ನ ಶೆಡ್ಡಿನ ಮುಂದೆ ಹಾದುಹೋಗುತ್ತಿತ್ತು. ನಾನು ಮುಖಕ್ಕೆ ಬೆಸುಗೆಯ ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಬೆಸುಗೆ ಇಲ್ಲದಾಗಲೂ ಹಾಕಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಮಾತ್ರ ಅದೇ ಬಸ್ಸಿನಲ್ಲಿ ಮಾರುಕಟ್ಟೆಗೆ ಹೋಗಿ ಅದೇ ಬಸ್ಸಿನಲ್ಲಿ ಬರುತ್ತಿದ್ದಳು. ವಾಪಸ್ ಬಂದು ಏನೂ ಹೇಳುತ್ತಿರಲಿಲ್ಲ. ನಾನೂ ಏನೂ ಕೇಳುತ್ತಿರಲಿಲ್ಲ. ಕೇಳಬೇಕು ಎಂದು ಕಾದು ಕುಳಿತಿರುತ್ತಿದ್ದೆ, ಅದು ಬೇರೆ.

ಎರಡನೇ ಚುನಾವಣೆಯಲ್ಲೂ ನಿಂತಳು, ಆಗಲೂ ಸೋತಳು. ಮೂರನೇ ಸಲ ಮಿಲ್ಲಿನ ಯಜಮಾನರು ಪಕ್ಕದ ವಾರ್ಡಿಗೆ ಜಾರಿಕೊಂಡರು. ಇಲ್ಲಿ ಗಾಳಿ ತಿರುಗುತ್ತಿರುವುದು ಅವರಿಗೆ ಮೊದಲೇ ತಿಳಿದಿತ್ತು, ಬುದ್ಧಿವಂತರು. ಆ ಹೊತ್ತಿಗೆ ಊರಿನಲ್ಲಿ ಒಂದು ಸುದ್ದಿ ಹಬ್ಬಿತ್ತು. ಹೊಸ ಪುರಭವನ ಕಟ್ಟುತ್ತಾರೆ, ಹನ್ನೊಂದು ನೂರು ಕುರ್ಚಿ ಬೇಕು. ಹನ್ನೊಂದು ನೂರು! ನನ್ನ ಜೀವಮಾನದಲ್ಲಿ ಒಂದೇ ಸಲಕ್ಕೆ ಮುನ್ನೂರಕ್ಕಿಂತ ಹೆಚ್ಚು ಕುರ್ಚಿ ಮಾಡಿಲ್ಲ. ಕುರ್ಚಿ ಯಾರಿಂದ ಕೊಳ್ಳಬೇಕೆಂದು ತೀರ್ಮಾನಿಸುವವರು ಗೆದ್ದು ಬರುವ ಹದಿನೈದು ಮಂದಿ ಸದಸ್ಯರು. ಯಾರು ಗೆಲ್ಲುತ್ತಾರೋ ಗೊತ್ತಿಲ್ಲ. ನಾನೇನು ಮಾಡಿದೆ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಹದಿನೈದು ವಾರ್ಡಿನಲ್ಲಿ ನಿಂತ ಎಲ್ಲ ಅಭ್ಯರ್ಥಿಗಳಿಗೂ, ಆ ಪಕ್ಷ ಈ ಪಕ್ಷ ಎನ್ನದೆ, ಪಕ್ಷವೇ ಇಲ್ಲದವರಿಗೂ, ಸಭೆಗೆ ಪುಕ್ಕಟೆ ಕುರ್ಚಿ. ಒಬ್ಬೊಬ್ಬರಿಗೆ ನಲವತ್ತು. ವ್ಯಾನು ಹಗಲಿಡೀ ಓಡಿತು. ಪ್ರತಿ ಸಭೆಯ ಫೋಟೋದಲ್ಲಿ ಕೈಯೆತ್ತಿದ ಅಭ್ಯರ್ಥಿ ಹಿಂದೆ, ನನ್ನ ಕೆಂಪು ಅಕ್ಷರ ಮುಂದೆ. ಯಾರು ಗೆದ್ದರೂ ನನ್ನ ಕುರ್ಚಿಯಲ್ಲಿ ಕೂತವರೇ ಗೆಲ್ಲಬೇಕು ಎಂದು ಮೀಸೆ ತಿರುವಿದೆ.

ಅವಳಿಗೂ ನಲವತ್ತು ಕಳಿಸಿದೆ. ಮಾತು ಬಿಟ್ಟಿದ್ದೆ, ವ್ಯಾಪಾರ ಬಿಟ್ಟಿರಲಿಲ್ಲ.

ಒಂದು ಗಂಟೆಯಲ್ಲಿ ವ್ಯಾನು ವಾಪಸ್ ಬಂತು. ನಲವತ್ತು ಕುರ್ಚಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತು ಹತ್ತರಂತೆ ನನಗಿಂತ ಚೆನ್ನಾಗಿ ಜೋಡಿಸಿ ಕಳಿಸಿದ್ದಳು. ಒಂದು ಚೀಟಿ. 'ನಲವತ್ತು ಬಂದಿದೆ, ನಲವತ್ತು ವಾಪಸ್. ಒಂದರ ಕಾಲು ಅಲ್ಲಾಡುತ್ತಿತ್ತು, ಬೋಲ್ಟ್ ಹಾಕಿದ್ದೇನೆ.' ಅಷ್ಟೇ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಬೋಲ್ಟನ್ನು ಬಿಚ್ಚಿ, ಲಕೋಟೆಯಲ್ಲಿ ಹಾಕಿ, ಡಿಪೋದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಬೋಲ್ಟಿಗಿಂತ ಅಂಚೆ ಖರ್ಚು ಹೆಚ್ಚಾಯಿತು. ಆ ಕುರ್ಚಿ ಮೂರನೇ ದಿನ ಒಬ್ಬ ಅಭ್ಯರ್ಥಿಯ ಮಾವನನ್ನು ಕೆಡವಿತು.

ಅವಳ ಸಭೆಯಲ್ಲಿ ಜನ ನಿಂತೇ ಕೇಳಿದರು. ಈ ಸಲ ಗೆದ್ದಳು. ಉಳಿದ ಹದಿನಾಲ್ಕು ವಾರ್ಡಿನಲ್ಲಿ ನನ್ನ ಕುರ್ಚಿಯವರು ಗೆದ್ದರು. ಮಿಲ್ಲಿನ ಯಜಮಾನರು ನಗರಸಭೆಯ ಅಧ್ಯಕ್ಷರಾದರು. ಹದಿನೈದಕ್ಕೆ ಹದಿನಾಲ್ಕು! ನಾನು ಟೆಂಡರ್ ಕರೆಯುವ ಮೊದಲೇ ಪೈಪು ತಂದು ಶೆಡ್ಡು ತುಂಬಿಸಿದೆ. ಹೆಂಡತಿ, 'ಇಷ್ಟು ಬೇಗ ಯಾಕ್ರೀ?' ಎಂದು ಕೇಳಿದಳು. 'ನಿನಗೇನು ಗೊತ್ತು, ಸುಮ್ನಿರು' ಎಂದೆ. ಸಭೆಯಲ್ಲಿರುವ ಗಂಡಸರು ಈ ಮಾತನ್ನು ಮನೆಯಲ್ಲಿ ಆಡುವ ಮೊದಲು ನನ್ನ ಮುಖ ನೆನೆಸಿಕೊಳ್ಳಿ.

ಎರಡು ವರ್ಷದ ಹಿಂದೆ ಟೆಂಡರ್ ಬಂತು. ಅದರಲ್ಲಿ ಒಂದು ಫಾರಂ. ಏಳನೇ ಪ್ರಶ್ನೆ: ನಗರಸಭೆಯ ಸದಸ್ಯರಲ್ಲಿ ಯಾರಾದರೂ ತಮ್ಮ ಹತ್ತಿರದ ಸಂಬಂಧಿಕರೇ? ನಾನು ಪೆನ್ನು ಒತ್ತಿ 'ಯಾರೂ ಇಲ್ಲ' ಎಂದು ಬರೆದೆ. ಕೆಳಗೆ ಎರಡು ಗೆರೆ ಬೇರೆ ಎಳೆದೆ. ದೇವರಾಣೆ, ಮೋಸ ಮಾಡಬೇಕೆಂದು ಬರೆದದ್ದಲ್ಲ, ಹಠಕ್ಕೆ ಬರೆದದ್ದು. ಸರ್ಕಾರಿ ಕಾಗದದ ಮೇಲೆ ತಂಗಿಯ ಜೊತೆ ಜಗಳ ಮುಂದುವರಿಸಿದ ಮನುಷ್ಯ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಟೆಂಡರ್ ತೀರ್ಮಾನದ ದಿನ ಹೊಸ ಬಟ್ಟೆ ಹಾಕಿಕೊಂಡು ನಗರಸಭೆಯ ಕೊಠಡಿಗೆ ಹೋದೆ. ಸಾರ್ವಜನಿಕರಿಗೆ ಗೋಡೆ ಪಕ್ಕ ಒಂದು ಉದ್ದ ಬೆಂಚು. ಎದುರಿಗೆ ಕುದುರೆ ಲಾಳದಂತೆ ಜೋಡಿಸಿದ ಮೇಜು, ಹದಿನೈದು ಮಂದಿ ಸದಸ್ಯರು. ಪಕ್ಕದಲ್ಲಿ ಚಿಕ್ಕ ಮೇಜಿಗೆ ಕಾರ್ಯದರ್ಶಿಗಳು, ಇವರೇ, ಈಗಿನ ಮುಖ್ಯ ಅತಿಥಿಗಳು. ಅವರು ವಿಷಯ ಓದಿದರು: ಪುರಭವನಕ್ಕೆ ಕುರ್ಚಿ ಖರೀದಿ, ಎರಡು ಅರ್ಜಿ ಬಂದಿವೆ, ಕಡಿಮೆ ದರ ಇಂಥವರದು. ನನ್ನ ಹೆಸರು. ನಾನು ಬೆಂಚಿನ ತುದಿಗೆ ಸರಿದು ಕುಳಿತೆ.

ಆಗ ಅವಳು ಎದ್ದು ನಿಂತಳು.

ವಿರೋಧ ಮಾಡುತ್ತಾಳೆ ಎಂದುಕೊಂಡೆ. ಹತ್ತು ವರ್ಷದ ಸಿಟ್ಟು ತೀರಿಸಿಕೊಳ್ಳುತ್ತಾಳೆ ಎಂದುಕೊಂಡೆ. ಮಾಡಲಿ, ಹದಿನಾಲ್ಕರ ಎದುರು ಒಂದು ಯಾವ ಲೆಕ್ಕ ಎಂದುಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. 'ಅಧ್ಯಕ್ಷರೇ, ಈ ವಿಷಯದಲ್ಲಿ ನಾನು ಇಲ್ಲಿ ಕೂರಬಾರದು. ಅರ್ಜಿ ಹಾಕಿರೋರು ನನ್ನ ಅಣ್ಣ' ಎಂದಳು.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ನನ್ನ ಫಾರಂ ನೋಡಿದರು. 'ಇಲ್ಲಿ ಏಳನೇ ಕಾಲಂನಲ್ಲಿ ಯಾರೂ ಇಲ್ಲ ಅಂತ ಬರೆದಿದಾರಲ್ಲಮ್ಮಾ? ಗೆರೆ ಕೂಡ ಎಳೆದಿದಾರೆ.'

'ಕೋಪದಲ್ಲಿ ಬರೆದಿರ್ತಾರೆ ಸಾರ್. ಅವರು ಕೋಪ ಬಂದ್ರೆ ಹಾಗೇ. ಆದ್ರೆ ನಾನು ಇದೀನಲ್ಲ.'

ಇಷ್ಟು ಹೇಳಿ, ಚೀಲ ತೆಗೆದುಕೊಂಡು, ಬಾಗಿಲು ತೆರೆದು ಹೊರಗೆ ಹೋದಳು.

ಸಭಿಕರೇ, ಹತ್ತು ವರ್ಷದಿಂದ ನನ್ನನ್ನು ಯಾರೂ ಅಣ್ಣ ಎಂದಿರಲಿಲ್ಲ. ಊರಿನವರು ಯಜಮಾನ ಎನ್ನುತ್ತಾರೆ, ಕೆಲಸದವರು ಧಣಿ ಎನ್ನುತ್ತಾರೆ, ಹಿಂದಿನಿಂದ ಏನೇನೋ ಎನ್ನುತ್ತಾರೆ. ಆ ಒಂದು ಮಾತು ಆ ಕೊಠಡಿಯಲ್ಲಿ, ಅಷ್ಟು ಜನರ ಎದುರು, ಕಡತಕ್ಕೆ ಬರೆದುಕೊಳ್ಳುವ ಮಾತಾಗಿ ಕೇಳಿಸಿತು. ನನ್ನ ಕಣ್ಣಿನ ವಿಷಯ ಹೇಳುವುದಿಲ್ಲ, ಬೆಸುಗೆಯವರ ಕಣ್ಣು ಹೇಗೂ ಕೆಂಪಗೇ ಇರುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ನನಗೆ ಟೆಂಡರೂ ಸಿಗುತ್ತಿತ್ತು, ತಂಗಿಯೂ ಸಿಗುತ್ತಿದ್ದಳು. ಆದರೆ ನಮ್ಮ ಕಾರ್ಯದರ್ಶಿಗಳು ಯಾವ ಕೆಲಸವನ್ನೂ ಅರ್ಧ ಮಾಡುವವರಲ್ಲ. ಒಬ್ಬ ಸದಸ್ಯರು ಎದ್ದು ಹೋದದ್ದರಿಂದ ಯಾವ ನಿಯಮದ ಪ್ರಕಾರ ಹೋದರು ಎಂದು ಕಡತದಲ್ಲಿ ಬರೆಯಬೇಕಲ್ಲ? ನಿಯಮದ ಪುಸ್ತಕ ತೆಗೆದು ಜೋರಾಗಿ ಓದಿದರು. ಸದಸ್ಯರ ಸಂಬಂಧಿಕರ ವಿಷಯ ಚರ್ಚೆಗೆ ಬಂದರೆ ಸದಸ್ಯರು ಹೊರಗೆ ಹೋಗತಕ್ಕದ್ದು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಚುನಾವಣೆಯಲ್ಲಿ ತಮಗೆ ದೇಣಿಗೆ ಕೊಟ್ಟವರ ವಿಷಯ ಬಂದರೂ ಹೊರಗೆ ಹೋಗತಕ್ಕದ್ದು. ದೇಣಿಗೆ ಎಂದರೆ ಹಣ, ಅಥವಾ ಬಾಡಿಗೆ ಪಡೆಯದೆ ಬಳಕೆಗೆ ಕೊಟ್ಟ ಯಾವುದೇ ವಸ್ತು.

ಹದಿನಾಲ್ಕು ಮಂದಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಔಷಧಿ ಅಂಗಡಿಯ ಸದಸ್ಯರು, ಹೊಸಬರು, ಪಾಪ, ನಾಚಿಕೆ ಸ್ವಭಾವದವರು, ಕೈ ಎತ್ತಿದರು. 'ಸಾರ್, ಕುರ್ಚಿ ಕೂಡ ವಸ್ತುನಾ?'

'ಕುರ್ಚಿ ವಸ್ತುವೇ' ಎಂದರು ಕಾರ್ಯದರ್ಶಿಗಳು.

ಅವರು ಎದ್ದರು. 'ನಾನು ನಲವತ್ತು ತಗೊಂಡಿದ್ದೆ' ಎಂದು ಹೇಳಿ ಹೊರಗೆ ನಡೆದರು. ದರ್ಜಿ ಅಂಗಡಿಯ ಸದಸ್ಯೆ, 'ಅಯ್ಯೋ, ನಾನೂ!' ಎಂದು ಎದ್ದರು. ಎದುರು ಸಾಲಿನ ಒಬ್ಬರು, 'ನಾನು ತಗೊಂಡಿಲ್ಲ' ಎಂದರು. ಪಕ್ಕದವರು, 'ನಿನ್ನ ಕರಪತ್ರದ ಫೋಟೋದಲ್ಲಿ ನಿನ್ನ ತಲೆಗಿಂತ ಕುರ್ಚಿಯ ಅಕ್ಷರಾನೇ ದೊಡ್ಡದಾಗಿದೆ, ಏಳಯ್ಯಾ' ಎಂದು ತೋಳು ಹಿಡಿದು ಎಬ್ಬಿಸಿದರು, ತಾವೂ ಜೊತೆಗೆ ಹೋದರು. ನೋಡನೋಡುತ್ತಿದ್ದಂತೆ ಮೂವರು, ಐವರು, ಒಂಬತ್ತು ಮಂದಿ. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತು ನನ್ನ ಕುರ್ಚಿಗಳು ನನ್ನ ಬೆಂಬಲಿಗರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕುತ್ತಿರುವುದನ್ನು ನೋಡಿದೆ. ಏನು ಮಾಡಲಿ? ಹೋಗಬೇಡಿ ಎಂದು ಕಾಲು ಹಿಡಿಯಲೇ?

ಕೊನೆಗೆ ಉಳಿದವರು ಮಿಲ್ಲಿನ ಯಜಮಾನರು. ಅಧ್ಯಕ್ಷರು. ಅವರು ಕಾರ್ಯದರ್ಶಿಗಳನ್ನು ನೋಡಿದರು, ನನ್ನನ್ನು ನೋಡಿದರು, ಮೇಲೆ ಫ್ಯಾನು ನೋಡಿದರು. 'ನಾನು ಎದ್ದು ಹೋದ್ರೆ ಸಭೆ ಮುಂದೂಡೋದು ಯಾರ್ರೀ?' ಎಂದು ಕೇಳಿದರು. ಕಾರ್ಯದರ್ಶಿಗಳು ಪುಸ್ತಕದ ಹಾಳೆ ಹಿಂದಕ್ಕೂ ಮುಂದಕ್ಕೂ ತಿರುವಿ, 'ಅದಕ್ಕೆ ನಿಯಮ ಕಾಣಿಸ್ತಿಲ್ಲ ಸಾರ್' ಎಂದರು. ಅಧ್ಯಕ್ಷರೂ ಎದ್ದು ಹೋದರು.

ಖಾಲಿ ಕೊಠಡಿ. ಹದಿನೈದು ಖಾಲಿ ಆಸನ, ಒಬ್ಬ ಕಾರ್ಯದರ್ಶಿ, ಒಬ್ಬ ನಾನು. ಹೊರಗೆ ಪಡಸಾಲೆಯಲ್ಲಿ ಹದಿನೈದು ಮಂದಿಯೂ ನಿಂತುಕೊಂಡು ಚಹಾ ಕುಡಿಯುತ್ತಿದ್ದರು, ಎರಡು ಪಕ್ಷದವರೂ ಒಟ್ಟಿಗೆ ನಗುತ್ತಿದ್ದರು. ಆ ನಗರಸಭೆಯ ಅವಧಿಯಲ್ಲಿ ಎಲ್ಲರೂ ಒಂದೇ ಕಡೆ ನಿಂತದ್ದು ಅದೊಂದೇ ಸಲ. ಕಾರ್ಯದರ್ಶಿಗಳು ನನ್ನನ್ನು ನೋಡಿ ಮೆಲ್ಲಗೆ, 'ಒಂದಿಬ್ಬರನ್ನಾದ್ರೂ ಬಿಡಬೇಕಿತ್ತು ನೀವು' ಎಂದರು.

ಇದು ನಗುವ ಮಾತು. ನೀವು ನಗುತ್ತಿದ್ದೀರಿ, ಈಗ ನಾನೂ ನಗುತ್ತೇನೆ. ಆ ದಿನ ನಗಲಿಲ್ಲ. ಶೆಡ್ಡಿನ ತುಂಬ ಪೈಪು, ಎಂಟು ಮನೆಯ ಸಂಬಳ, ಕೈಯಲ್ಲಿ ಕೆಲಸವಿಲ್ಲ.

ಮರುದಿನ ಬೆಳಗ್ಗೆ ಮಿಲ್ಲಿನ ಯಜಮಾನರು ಶೆಡ್ಡಿಗೆ ಬಂದರು. ಮರ ಕಡಿಯುವವರಿಗೆ ಅಡ್ಡದಾರಿ ಬೇಗ ಕಾಣಿಸುತ್ತದೆ. 'ಏನಯ್ಯಾ, ತಲೆ ಮೇಲೆ ಕೈ ಹೊತ್ತು ಕೂತಿದೀಯ? ಸುಲಭದ ಕೆಲಸ. ಹದಿನಾಲ್ಕು ಜನಕ್ಕೂ ಬಾಡಿಗೆ ಬಿಲ್ಲು ಬರಿ, ಚುನಾವಣೆ ತಿಂಗಳ ತಾರೀಖು ಹಾಕು. ಎಲ್ಲರೂ ಬಾಡಿಗೆ ಕೊಟ್ಟಿದ್ದಾರೆ ಅಂತಾಗತ್ತೆ. ನಿನ್ನ ತಂಗಿ ಒಬ್ಬಳು ಹೊರಗೆ ಹೋದ್ರೆ ಹೋಗ್ಲಿ, ನಾವು ಕೈ ಎತ್ತಿ ಮುಗಿಸ್ತೀವಿ' ಎಂದರು. ಏನು ಯಜಮಾನರೇ, ಹೀಗೇ ಅಲ್ಲವೇ ಹೇಳಿದ್ದು? ಮಾತು ಕೂಡಿಸಿದ್ದೇನೆಯೇ? ತಲೆ ಆಡಿಸುತ್ತಿದ್ದಾರೆ. ಒಪ್ಪಿಕೊಳ್ಳುವ ಗುಣ ಅವರಿಗೆ ವಯಸ್ಸಿನ ಮೇಲೆ ಬಂದಿದೆ.

ನಾನು ಬಿಲ್ ಪುಸ್ತಕ ತೆಗೆದೆ. ಕಾರ್ಬನ್ ಹಾಳೆ ಇಟ್ಟೆ. ಮೊದಲ ಬಿಲ್ಲಿನ ಮೇಲೆ ಹಳೆಯ ತಾರೀಖನ್ನೂ ಬರೆದೆ. ಸುಳ್ಳು ಹೇಳುವುದಿಲ್ಲ, ಬರೆದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಯಜಮಾನರ ಎದುರು ಅವಳು ಎಂದೂ ಮಾತಾಡಿದವಳಲ್ಲ. 'ಹತ್ತು ವರ್ಷ ತಂಗಿ ಇಲ್ಲ ಅಂದ್ರಿ. ಅವಳಾಗಿ ಎದ್ದು ನಿಂತು ಇದೀನಿ ಅಂದ್ಲು. ಈಗ ಇದನ್ನ ಬರೆದ್ರೆ, ಅದನ್ನ ಓದಿ ಸುಳ್ಳು ಅಂತ ಹೇಳ್ಬೇಕಾದವಳೂ ಅವಳೇ. ಅವಳ ಬಾಯಿಂದ ಅದನ್ನ ಹೇಳಿಸ್ತೀರಾ?' ಎಂದಳು.

ಪೆನ್ನು ಕೆಳಗಿಟ್ಟೆ. ಯಜಮಾನರಿಗೆ ಚಹಾ ಕೊಟ್ಟು ಕಳಿಸಿದೆ. ಆ ತಾರೀಖು ಬರೆದ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಆ ಮಧ್ಯಾಹ್ನವೇ ಹೋಗಿ ಅರ್ಜಿ ವಾಪಸ್ ಪಡೆದೆ, ಕೆಲಸ ಇನ್ನೊಂದು ಅರ್ಜಿಯವರಿಗೆ ಹೋಯಿತು. ನನ್ನ ತಂಗಿ ಆ ಮೇಜಿನ ಸುತ್ತ ಕೂರುವವರೆಗೆ ನಗರಸಭೆಗೆ ಒಂದು ಮೊಳೆಯನ್ನೂ ಮಾರುವುದಿಲ್ಲ ಎಂದು ಬರೆದುಕೊಟ್ಟೆ. ಆ ಏಳನೇ ಕಾಲಮ್ಮಿನಲ್ಲಿ ಗೆರೆ ಎಳೆದದ್ದನ್ನು ಹೊಡೆದುಹಾಕಿ 'ಒಬ್ಬಳು ತಂಗಿ' ಎಂದು ಬರೆಯಲು ಬಿಡಿ ಎಂದು ಕೇಳಿಕೊಂಡೆ. ಅರ್ಜಿಯೇ ವಾಪಸ್ ಆದ ಮೇಲೆ ಫಾರಂ ತಿದ್ದಲು ನಿಯಮವಿಲ್ಲ ಎಂದರು ಕಾರ್ಯದರ್ಶಿಗಳು. ತಪ್ಪು ಉತ್ತರ ಕೊಟ್ಟದ್ದಕ್ಕೆ ದಂಡವನ್ನೂ ಹಾಕಿದರು. ರಸೀದಿಯನ್ನೂ ಕೊಟ್ಟರು. ಆಮೇಲೆ ಆ ರಸೀದಿಯ ಹಿಂಬದಿಯಲ್ಲಿ ಅದನ್ನು ಬರೆದುಕೊಳ್ಳಲು ಬಿಟ್ಟರು. ಒಳ್ಳೆಯ ಮನುಷ್ಯರು.

ಆಮೇಲೆ ಬಸ್ ಹತ್ತಿದೆ. ನಾಲ್ಕನೇ ನಂಬರ್. ಸದಸ್ಯೆಯಾದ ಮೇಲೂ ಅವಳು ಬಸ್ ಬಿಟ್ಟಿರಲಿಲ್ಲ, ಸಭೆ ಇಲ್ಲದ ದಿನ ಓಡಿಸುತ್ತಿದ್ದಳು. ಹತ್ತು ವರ್ಷದಲ್ಲಿ ಮೊದಲ ಸಲ ಅವಳ ಹಿಂದಿನ ಸೀಟಿನಲ್ಲಿ ಕುಳಿತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ ಕಣ್ಣೆದುರಿಗೇ ಹಲಗೆ: ಚಾಲಕರೊಂದಿಗೆ ಮಾತನಾಡಬಾರದು. ಬಾಯಿ ಮುಚ್ಚಿದೆ. ಕೊನೆಯ ನಿಲ್ದಾಣ ಬಂತು, ಇಳಿಯಲಿಲ್ಲ. ಬಸ್ ತಿರುಗಿತು. ಮತ್ತೆ ನನ್ನ ಶೆಡ್ಡಿನ ಮುಂದೆ ಹಾದುಹೋದೆವು. ಕೆಲಸದವರು ನನ್ನನ್ನು ಕಿಟಕಿಯಲ್ಲಿ ನೋಡಿ ಕೈಯಲ್ಲಿದ್ದ ಸುತ್ತಿಗೆ ಬಿಟ್ಟರು. ಮೂರು ಸುತ್ತು ಹೋದೆ. ತಿರುವಿನಲ್ಲಿ ಒಬ್ಬರೂ ಮುಗ್ಗರಿಸಲಿಲ್ಲ. ಅಷ್ಟು ಚೆನ್ನಾಗಿ ಓಡಿಸುತ್ತಿದ್ದಳು, ನನಗೆ ಗೊತ್ತೇ ಇರಲಿಲ್ಲ.

ಮೂರನೇ ಸುತ್ತು ಮುಗಿದು ಬಸ್ ಖಾಲಿಯಾದ ಮೇಲೆ ಅವಳು ಇಂಜಿನ್ ನಿಲ್ಲಿಸಿ, ಕನ್ನಡಿಯಲ್ಲೇ ನನ್ನನ್ನು ನೋಡಿ, 'ಅಣ್ಣಾ, ಟಿಕೆಟ್ ತಗೊಂಡ್ಯಾ?' ಎಂದಳು.

'ಒಂದು ತಗೊಂಡೆ.'

'ಮೂರು ಸುತ್ತಿಗೆ ಮೂರು ತಗೋಬೇಕು.'

'ನಿನ್ನ ತಲೆ! ಸ್ವಂತ ಅಣ್ಣನಿಗೆ...'

'ಸ್ವಂತ ಅಣ್ಣ ಆದ್ರೆ ಆರು' ಎಂದಳು, ನಕ್ಕುಬಿಟ್ಟಳು. ನಾನೂ ನಕ್ಕೆ. ಕಂಡಕ್ಟರ್ ಬಂದು, ಇಬ್ಬರೂ ಯಾಕೆ ಕಣ್ಣು ಒರೆಸಿಕೊಳ್ಳುತ್ತಿದ್ದೇವೆ ಎಂದು ತಿಳಿಯದೆ ಎರಡು ಟಿಕೆಟ್ ಹರಿದು ನನ್ನ ಕೈಗೆ ಕೊಟ್ಟು ಹೋದರು.

ಆ ಪೈಪು ಒಂದು ವರ್ಷ ಶೆಡ್ಡಿನಲ್ಲೇ ಬಿದ್ದಿತ್ತು. ಸಂಬಳಕ್ಕೆಂದು ವ್ಯಾನು ಮಾರಿದೆ. ಆಮೇಲೆ ಪಕ್ಕದ ಊರಿನ ಆಸ್ಪತ್ರೆಗೆ ಮುನ್ನೂರು ಮಂಚ ಮಾಡುವ ಕೆಲಸ ಸಿಕ್ಕಿತು. ಅಲ್ಲಿಯ ಫಾರಂನಲ್ಲೂ ಸಂಬಂಧಿಕರ ಪ್ರಶ್ನೆ ಇತ್ತು. ಹತ್ತು ಸಲ ಯೋಚಿಸಿ, ಹೆಂಡತಿಯನ್ನೂ ಕೇಳಿ, ಆ ಊರಿನಲ್ಲಿ ನಿಜವಾಗಿಯೂ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು 'ಇಲ್ಲ' ಎಂದು ಬರೆದೆ.

ಈ ಸಭೆಯ ಅಧ್ಯಕ್ಷರು ಪೆನ್ನಿನಿಂದ ಮೇಜು ತಟ್ಟಿದರು. ಗೊತ್ತಾಯಿತು ಮೇಡಂ, ಮುಗಿಸುತ್ತೇನೆ.

ಹೋದ ವಾರ ಅವಳು ಶೆಡ್ಡಿಗೆ ಬಂದಳು. ಅದೇ ಖಾಕಿ. 'ಅಣ್ಣಾ, ಭಾನುವಾರ ಸಂಜೆ ಡಿಪೋ ಎದುರು ಸಭೆ ಇದೆ. ಅರವತ್ತು ಕುರ್ಚಿ ಬೇಕು' ಎಂದಳು.

ಹನ್ನೆರಡು ವರ್ಷ! ಈ ಮಾತು ಕೇಳಲು ನಾನು ಹನ್ನೆರಡು ವರ್ಷ ಕಾದಿದ್ದೆ. 'ಅರವತ್ತು ಯಾಕೆ, ಇನ್ನೂರು ತಗೊಂಡು ಹೋಗು' ಎಂದೆ.

'ಅರವತ್ತು ಸಾಕು. ಬಾಡಿಗೆ ಎಷ್ಟು?'

'ನಿನ್ನ ಹತ್ರ ಬಾಡಿಗೆ ತಗೊಳ್ಲಾ? ನಾನೀಗ ನಗರಸಭೆಗೆ ಏನೂ ಮಾರೋದಿಲ್ಲ. ಯಾವ ಪುಸ್ತಕ ಓದಿದ್ರೂ ಯಾರೂ ನಿನ್ನನ್ನ ಹೊರಗೆ ಕಳಿಸೋ ಹಾಗಿಲ್ಲ.'

'ಬೇರೆಯವರಿಗೆ ಎಷ್ಟೋ ನನಗೂ ಅಷ್ಟೇ, ಅಣ್ಣಾ. ಇಲ್ಲಾಂದ್ರೆ ಜನ ನಿಂತೇ ಕೇಳ್ಲಿ, ಅವರಿಗೆ ಅಭ್ಯಾಸ ಆಗಿದೆ.'

ನನಗೆ ಕೋಪ ಬಂತು. ಬರದೇ ಇರುತ್ತದೆಯೇ? ಬಾಯಿ ತೆರೆದೆ. ಒಳಗಿನಿಂದ ಹೆಂಡತಿ, 'ಬಿಲ್ಲು ಬರೀರಿ ಸುಮ್ನೆ, ಇನ್ನೊಂದು ಹತ್ತು ವರ್ಷ ನಾನು ಒಬ್ಬಳೇ ಬಸ್ಸಲ್ಲಿ ಓಡಾಡಲ್ಲ' ಎಂದು ಕೂಗಿದಳು. ಬರೆದೆ. ಅರವತ್ತಕ್ಕೆ ಬದಲು ಐವತ್ತಕ್ಕೆ ಲೆಕ್ಕ ಹಾಕಿ ಕೊಟ್ಟೆ. ಹತ್ತನೇ ತರಗತಿ ಓದಿಸಿದ್ದೇನಲ್ಲ, ಒಂದೇ ನೋಟಕ್ಕೆ ಹಿಡಿದಳು. 'ಲೆಕ್ಕ ಬರದವನ ಹಾಗೆ ನಾಟಕ ಆಡಬೇಡ, ಸರಿಯಾಗಿ ಬರಿ' ಎಂದಳು. ಹೊಸ ಬಿಲ್ಲು ಬರೆದೆ. ಪೂರ್ತಿ ಬಾಡಿಗೆ ಎಣಿಸಿ ಕೊಟ್ಟಳು, ರಸೀದಿಯನ್ನು ಮಡಚಿ ಖಾಕಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಐವತ್ತು ವರ್ಷದ ವ್ಯಾಪಾರದಲ್ಲಿ ಬಾಡಿಗೆ ಪಡೆದು ಇಷ್ಟು ಸಂತೋಷವಾದದ್ದು ನನಗೆ ನೆನಪಿಲ್ಲ.

ಅಧ್ಯಕ್ಷರು ಮತ್ತೆ ತಟ್ಟುತ್ತಿದ್ದಾರೆ. ಮೇಡಂ, ಇದು ಪ್ರಚಾರ ಅಲ್ಲ, ನನ್ನ ಅಂಗಡಿಯ ಸುದ್ದಿ. ಯಾರಿಗೆ ವೋಟು ಹಾಕಿ ಎಂದು ನಾನು ಹೇಳಿದ್ದೇನೆಯೇ? ಇಲ್ಲ. ಸಭೆ ಯಾವಾಗ ಎಂದಷ್ಟೇ ಹೇಳುತ್ತಿದ್ದೇನೆ. ಭಾನುವಾರ, ಸಂಜೆ ಐದು ಗಂಟೆ. ಅರವತ್ತು ಕುರ್ಚಿಯನ್ನೂ ನಾನೇ ಸಾಲಾಗಿ ಹಾಕುತ್ತೇನೆ, ನಾಲ್ಕೂ ಕಡೆ ಬೆಸುಗೆ ಹಾಕಿದ ಕುರ್ಚಿಗಳು. ಬೇಗ ಬಂದವರು ಕುಳಿತುಕೊಳ್ಳಿ. ತಡವಾಗಿ ಬಂದವರು, 'ಯಜಮಾನ್ರೇ, ಶೆಡ್ಡಿಂದ ಇನ್ನೊಂದು ತರಿಸಿ' ಎಂದು ನನ್ನನ್ನು ಕೇಳಬೇಡಿ. ಅರವತ್ತೊಂದನೇ ಕುರ್ಚಿಯನ್ನು ನಾನು ತಂದರೆ ಅದು ದೇಣಿಗೆಯಾಗುತ್ತದೆ, ನನ್ನ ತಂಗಿ ಅದನ್ನು ಒರೆಸಿ ವಾಪಸ್ ಕಳಿಸುತ್ತಾಳೆ. ಜಾಗ ಸಿಗದವರು ಹಿಂದೆ ಬಂದು ನನ್ನ ಪಕ್ಕ ನಿಂತುಕೊಳ್ಳಿ.

ಹತ್ತು ನಿಮಿಷ ಕೊಟ್ಟರೆ ಅರ್ಧ ಗಂಟೆ ತೆಗೆದುಕೊಂಡವನನ್ನು ಸಹಿಸಿದ ಅಧ್ಯಕ್ಷರಿಗೂ, ಕಿರಕಿರ ಕುರ್ಚಿಯಲ್ಲಿ ಅಲ್ಲಾಡದೆ ಕುಳಿತ ನಿಮಗೂ, ನನ್ನ ಮಾತಿಗೆ ಎದ್ದು ಹೋಗದ ಮಿಲ್ಲಿನ ಯಜಮಾನರಿಗೂ ನಾನು ಕೃತಜ್ಞ. ಎಲ್ಲರಿಗೂ ನಮಸ್ಕಾರ.